ಬೋಳುಗುಡ್ಡ ಹತ್ತಿದ ವರ್ಷ

ಹೋದ ವಾರ ಚಿಕ್ಕಮಗಳೂರಿನ ನಮ್ಮ ಅಡುಗೆಮನೆಯಲ್ಲಿ ಒದ್ದೆ ಕ್ಯಾನ್‌ವಾಸು ಕಾಯುವ ವಾಸನೆ ಬಂತು. ಇವರು ಬೆಳಗಿನ ಮಳೆಯಲ್ಲಿ ನಡೆದು ಬಂದು, ನೆಂದ ಬೂಟುಗಳನ್ನು ಸ್ಟವ್ವಿನ ಪಕ್ಕ ಒರಗಿಸಿಟ್ಟಿದ್ದರು. ರಬ್ಬರು, ಕೆಸರು, ನೆಂದ ಬಟ್ಟೆ ಮೂರೂ ಬೆರೆತ ಆ ವಾಸನೆಗೆ ಯಾರಾದರೂ ಮೂಗು ಮುಚ್ಚಿಕೊಳ್ಳಬೇಕು. ನಾನು ಒಗ್ಗರಣೆ ಸೌಟು ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಸಂಸೆಯ ಬಾಡಿಗೆ ಮನೆಯಲ್ಲಿ ಒಂದು ಇಡೀ ಮಳೆಗಾಲ ನಮ್ಮ ಒಲೆಯ ದಂಡೆಯ ಮೇಲೆ ಎರಡು ಜೊತೆ ಬೂಟು ಹೀಗೇ ಒಣಗುತ್ತಿದ್ದವು. ಒಂದು ಇವರದ್ದು, ಇನ್ನೊಂದು ನನ್ನದು. ನಾನು ಮೊದಲ ಸಲ ಬೂಟು ಹಾಕಿದ್ದು ಆ ವರ್ಷ, ನನ್ನ ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ.

ಆಗ ತೊಂಬತ್ತರ ದಶಕ ಅರ್ಧ ಕಳೆದಿತ್ತು. ನಾನು ಸಂಸೆಯ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಇಪ್ಪತ್ತಮೂರಕ್ಕೆ ಮದುವೆಯಾಗಿ, ವರ್ಷ ತುಂಬುವ ಮೊದಲೇ ಗಂಡ ಜ್ವರದಲ್ಲಿ ತೀರಿಕೊಂಡು, ಕಳಸದ ತವರಿಗೆ ವಾಪಸು ಬಂದವಳು. ಅಪ್ಪ ಅಷ್ಟು ಹೊತ್ತಿಗೆ ಇರಲಿಲ್ಲ. ಪೌರೋಹಿತ್ಯ ಮಾಡುತ್ತಿದ್ದ ಅಣ್ಣನೇ ಮನೆಯ ಯಜಮಾನ. ಅವನು ನನ್ನನ್ನು ಟಿ.ಸಿ.ಎಚ್. ಓದಿಸಿದ, ಅದನ್ನು ಇವತ್ತಿಗೂ ಮರೆತಿಲ್ಲ. ಆದರೆ ಆ ಮನೆಯಲ್ಲಿ ನಾನು ಹದಿನೈದು ವರ್ಷ ಹಿಂದಿನ ಬಾಗಿಲಿನವಳಾಗಿಯೇ ಇದ್ದೆ. ಬೆಳಗಿನ ಬಸ್ಸಿಗೆ ಸಂಸೆ, ಸಂಜೆಯ ಬಸ್ಸಿಗೆ ಕಳಸ. ಹಬ್ಬದ ದಿನ ನಾಲ್ಕು ಜನ ಬಂದರೆ ಒಳಕೋಣೆ.

ಇವರು ಟೆಲಿಫೋನ್ ಇಲಾಖೆಯಲ್ಲಿ ಲೈನಿನ ಕೆಲಸ ಮಾಡುತ್ತಿದ್ದರು. ಹೆಸರು ನಾಗೇಗೌಡ, ಮೂಡಿಗೆರೆ ಕಡೆಯವರು. ಹದಿನಾರು ವರ್ಷಕ್ಕೆ ತಾಯಿ ಹೋಗಿ, ಇಬ್ಬರು ತಂಗಿಯರಿಗೆ ತಾವೇ ಅಡುಗೆ ಮಾಡಿ ಹಾಕಿ, ಓದಿಸಿ, ಮದುವೆ ಮಾಡಿ ಮುಗಿಸುವಷ್ಟರಲ್ಲಿ ನಲವತ್ತು ದಾಟಿತ್ತು. ಶಾಲೆಯ ಎದುರಿನ ಮೋನಪ್ಪನ ಅಂಗಡಿಗೆ ಫೋನು ಹಾಕಲು ಬಂದಾಗ ನಮ್ಮ ಪರಿಚಯವಾಯಿತು. ಎರಡು ವರ್ಷ ಮಾತಾಡಿದ್ದೆಲ್ಲ ಬಸ್ ಸ್ಟಾಪಿನಲ್ಲಿ, ಅದೂ ಮಳೆ, ಬಸ್ಸು, ಕೆಟ್ಟ ಲೈನಿನ ವಿಷಯ. ಒಂದು ದಿನ ಇವರು, "ಟೀಚರೇ, ನಿಮಗೆ ಬೇಜಾರಿಲ್ಲ ಅಂದ್ರೆ ನಾವಿಬ್ರೂ ಮದ್ವೆ ಆಗ್ಬಹುದಲ್ವಾ?" ಎಂದು ಕೇಳಿದರು. ಬಸ್ಸು ಬಂದು ನಿಂತಿತ್ತು. "ನಾಳೆ ಹೇಳ್ತೇನೆ" ಎಂದು ಹತ್ತಿದೆ. ಮರುದಿನ ಆಗಲಿ ಎಂದೆ.

ಮೇ ತಿಂಗಳಲ್ಲಿ ಮೂಡಿಗೆರೆಯ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿದೆವು. ಹಿಂದಿನ ಸಂಜೆ ಮನೆಯಲ್ಲಿ ವಿಷಯ ಹೇಳಿದ್ದೆ. ವಿಧವೆ ಮರುಮದುವೆಯಾಗುವುದು ಒಂದು, ಬೇರೆ ಜಾತಿಯವರನ್ನು ಆಗುವುದು ಇನ್ನೊಂದು. ಅಣ್ಣ ಕೂಗಾಡಲಿಲ್ಲ. "ಹೋಗುವುದಾದರೆ ಹೋಗು. ನೀನಾಗಲಿ ಅವನಾಗಲಿ ಮತ್ತೆ ಈ ಮೆಟ್ಟಿಲು ಹತ್ತಬೇಡಿ" ಎಂದ. ನಾನು ಅಮ್ಮನ ಮುಖ ನೋಡಿದೆ. ಅಮ್ಮ ಸೆರಗಿನಿಂದ ಕೈ ಒರೆಸಿಕೊಂಡು ಎದ್ದು, ಒಂದು ಮಾತೂ ಆಡದೆ ಅಡುಗೆಮನೆಗೆ ಹೋಗಿಬಿಟ್ಟಳು. ಅಣ್ಣನ ಮಾತಿಗಿಂತ ಅದೇ ನನಗೆ ಹೆಚ್ಚು ಚುಚ್ಚಿತು.

ಸಂಸೆಯಲ್ಲಿ ನಮಗೆ ಮನೆ ಕೊಟ್ಟವರು ಪದ್ದಕ್ಕ. ಅವರ ಮನೆಯ ಪಕ್ಕದ ಎರಡು ಕೋಣೆ, ಹಿಂದೆ ಕಡಿದಾದ ಹಿತ್ತಿಲು. ಬಾಡಿಗೆ ಮಾತಾಡಿ ಬೀಗದ ಕೈ ಕೊಟ್ಟರೇ ಹೊರತು ಹೊಸ್ತಿಲು ದಾಟಿ ಒಳಗೆ ಬರಲಿಲ್ಲ. ಬೇರೆಯವರು ಅಷ್ಟೂ ಇಲ್ಲ. ಇಷ್ಟು ವರ್ಷ ನನ್ನ ಕಂಡರೆ ನಿಂತು ಮಾತಾಡುತ್ತಿದ್ದ ಹೆಂಗಸರು ಈಗ ಕೊಡೆ ಅಡ್ಡ ಹಿಡಿದು ಹೋಗುತ್ತಿದ್ದರು. ಜೂನಿನಲ್ಲಿ ಶಾಲೆ ಶುರುವಾದ ವಾರ ಹೆಡ್‌ಮಾಸ್ತರರು ವರ್ಗಾವಣೆಯ ಅರ್ಜಿಯೊಂದನ್ನು ಮೇಜಿನ ಮೇಲೆ ಇಟ್ಟು, "ಆಲ್ದೂರು ಕಡೆ ಜಾಗ ಖಾಲಿ ಇದೆಯಂತೆ ಟೀಚರೇ. ನಿಮ್ಮ ಒಳ್ಳೆಯದಕ್ಕೇ ಹೇಳ್ತಿರೋದು. ಅಲ್ಲಿ ಯಾರಿಗೂ ನಿಮ್ಮ ಹಿಂದಿನದು ಗೊತ್ತಿರೋದಿಲ್ಲ" ಎಂದರು.

ಅರ್ಜಿಯನ್ನು ಮನೆಗೆ ತಂದು ಇವರಿಗೆ ತೋರಿಸಿದೆ. ಇವರು ರೊಟ್ಟಿ ತಟ್ಟುತ್ತಿದ್ದರು.

"ನಿಮಗೆ ಹೋಗ್ಬೇಕು ಅನ್ಸುತ್ತಾ?"

"ಇಲ್ಲ."

"ಹಂಗಾದ್ರೆ ಮುಗೀತಲ್ಲ. ಒಲೆಗೆ ಹಾಕಿ ಅದನ್ನ."

ಹಾಕಿದೆ. ಆಮೇಲೆ ರೊಟ್ಟಿ ತಿನ್ನುತ್ತ ಇವರು ಇನ್ನೊಂದು ಮಾತು ಹೇಳಿದರು. "ಭಾನುವಾರ ಬೋಳುಗುಡ್ಡದ ಕಡೆ ಹೋಗಣ. ನಾನು ಲೈನ್ ನೋಡ್ತಾ ಆ ದಾರೀಲಿ ಎಷ್ಟು ಸಲ ಹೋಗಿದೀನಿ, ಒಂದಿನಾನೂ ತುದಿಗೆ ಹೋಗಿಲ್ಲ."

ಹಿತ್ತಿಲಿನಿಂದ ನೇರವಾಗಿ ಗುಡ್ಡಕ್ಕೆ ಹೋಗುವ ಕಾಲುದಾರಿಯೊಂದಿತ್ತು. ಅದರಲ್ಲಿ ಹೋದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ನಾನು ಅದನ್ನೇ ಹೇಳಿದೆ. ಇವರು ತಲೆಯಾಡಿಸಿದರು. "ಬ್ಯಾಡ. ನಾವೇನು ಕದ್ದು ಓಡಿಬಂದೋರಾ? ಪೇಟೆ ಮಧ್ಯಾನೇ ಹೋಗಣ, ಜೊತೇಲಿ."

ಹಾಗೆ ಶುರುವಾಯಿತು. ಪ್ರತಿ ಭಾನುವಾರ ಎಂಟು ಗಂಟೆಗೆ, ಬೆನ್ನಿಗೆ ಚೀಲ ಹಾಕಿಕೊಂಡು, ಬೂಟು ಕಟ್ಟಿಕೊಂಡು, ಸೀರೆಯನ್ನು ಮೊಣಕಾಲಿನ ಕೆಳಗಿನವರೆಗೆ ಎತ್ತಿ ಸಿಕ್ಕಿಸಿಕೊಂಡು ನಾನು ಇವರ ಜೊತೆ ಪೇಟೆಯ ನಡುವೆ ನಡೆದೆ. ಮೊದಲ ವಾರ ಮೋನಪ್ಪ ಅಂಗಡಿಯಿಂದ ಬಗ್ಗಿ ಕೇಳಿದ.

"ಎಲ್ಲಿಗೆ ಹೊರಟ್ರಿ ಗೌಡ್ರೇ? ಲೈನು ಕೆಟ್ಟಿದ್ಯಾ?"

"ಇಲ್ಲ ಮಾರಾಯ. ಗುಡ್ಡಕ್ಕೆ."

"ಅಲ್ಲಿ ಎಂತ ಉಂಟು?"

"ಗುಡ್ಡ ಉಂಟು."

ಕೆಲಸವಿಲ್ಲದೆ ಗುಡ್ಡ ಹತ್ತುವುದೆಂದರೆ ಆ ಊರಿನವರಿಗೆ ಅರ್ಥವಾಗುವ ಮಾತಲ್ಲ. ಸೌದೆಗೆ ಹೋಗಬೇಕು, ಇಲ್ಲವೇ ಕಳೆದುಹೋದ ದನಕ್ಕೆ. ನಾವು ಜೇನು ಹುಡುಕುತ್ತಿದ್ದೇವೆ ಎಂದು ಕೆಲವರು, ನಿಧಿ ಹುಡುಕುತ್ತಿದ್ದೇವೆ ಎಂದು ಕೆಲವರು ಹೇಳಿಕೊಂಡರು. ಯಾರ ಮನೆಯಲ್ಲೂ ಊಟಕ್ಕೆ ಕರೆಯುವುದಿಲ್ಲವಲ್ಲ, ಅದಕ್ಕೇ ಕಾಡಿಗೆ ಹೋಗಿ ಉಣ್ಣುತ್ತಾರೆ ಎಂದು ಸಹಶಿಕ್ಷಕಿಯೊಬ್ಬರು ಹೇಳಿದ್ದು ನನ್ನ ಕಿವಿಗೂ ಬಿತ್ತು. ಅದರಲ್ಲಿ ಸ್ವಲ್ಪ ನಿಜವಿತ್ತು. ಹಾಗಾಗಿಯೇ ಬುತ್ತಿಯನ್ನು ನಾವು ಇನ್ನಷ್ಟು ಚೆನ್ನಾಗಿ ಕಟ್ಟತೊಡಗಿದೆವು.

ಅಡುಗೆಯಲ್ಲಿ ಇವರ ಕೈ ನನಗಿಂತ ಮೇಲು. ನನಗೆ ಬರುತ್ತಿದ್ದುದು ತವರಿನ ಹುಳಿ, ಗೊಜ್ಜು, ತಂಬುಳಿ. ಈರುಳ್ಳಿ ಬೆಳ್ಳುಳ್ಳಿ ಮುಟ್ಟದ ಅಡುಗೆ. ಇವರು ಮಳೆಗಾಲದ ಎಳೆ ಬಿದಿರಿನ ಕಳಲೆಯನ್ನು ಮೂರು ದಿನ ನೀರು ಬದಲಿಸಿ ನೆನೆಸಿ, ಹೆಸರುಕಾಳಿನ ಜೊತೆ ಪಲ್ಯ ಮಾಡಿದರೆ ಕಡುಬಿನ ಲೆಕ್ಕ ತಪ್ಪುತ್ತಿತ್ತು. ನಾನು ಮೊದಲ ಸಲ ಅಣಬೆ ತಿಂದದ್ದು ಆ ಒಲೆಯ ಮುಂದೆ. ಮಾಂಸದ ವಿಷಯ ಮೊದಲ ವಾರವೇ ಬಂತು. "ನಾನು ಹೊರಗೆಲ್ಲಾದ್ರೂ ತಿಂದ್ಕೊಂಡ್ ಬರ್ತೀನಿ, ನಿಮಗೆ ಕಷ್ಟ ಬ್ಯಾಡ" ಎಂದರು. ಯೋಚಿಸಿ, "ಈ ಮನೆ ನಿಮ್ಮದೂ ಅಲ್ವಾ? ಹಿತ್ತಿಲಲ್ಲಿ ಇನ್ನೊಂದು ಒಲೆ ಹೂಡೋಣ" ಎಂದೆ. ತಿಂಗಳಿಗೊಮ್ಮೆ ಆ ಒಲೆ ಉರಿಯುತ್ತಿತ್ತು. ನಾನು ಆ ದಿನ ಕಿಟಕಿ ಮುಚ್ಚಿಕೊಂಡು ಮಕ್ಕಳ ಪುಸ್ತಕ ತಿದ್ದುತ್ತಿದ್ದೆ. ಇಬ್ಬರಿಗೂ ಅದರಿಂದ ಏನೂ ಕಡಿಮೆಯಾಗಲಿಲ್ಲ.

ಜುಲೈಯಲ್ಲಿ ಮಳೆ ಹಿಡಿದು ಹದಿನೆಂಟು ದಿನ ಬಿಡಲಿಲ್ಲ. ಹಿತ್ತಿಲಿನಲ್ಲಿ ನಾನು ಮಾಡಿದ್ದ ಬೀನ್ಸ್ ಪಾತಿಗಳೂ, ಇವರು ಎಸ್ಟೇಟ್ ಬಂಗಲೆಗಳಿಗೆ ಫೋನು ರಿಪೇರಿಗೆ ಹೋದಾಗ ಅಲ್ಲಿಯ ಅಮ್ಮಂದಿರಿಂದ ಕೇಳಿ ತಂದಿದ್ದ ಡೇರೆ ಹೂವಿನ ಗೆಡ್ಡೆಗಳೂ ಒಂದು ಬೆಳಗ್ಗೆ ಮಣ್ಣಿನ ಸಮೇತ ಜಾರಿ ಕೆಳಗಿನ ಚರಂಡಿಯಲ್ಲಿದ್ದವು. ನನಗೆ ಅಳು ಬಂತು. ಇವರು ತಲೆಗೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಚರಂಡಿಗೆ ಇಳಿದು ಗೆಡ್ಡೆಗಳನ್ನು ಒಂದೊಂದಾಗಿ ಹೆಕ್ಕಿದರು. ಎರಡು ಸಿಗಲಿಲ್ಲ. ಅವತ್ತಿನಿಂದ ಪ್ರತಿ ಭಾನುವಾರ ಗುಡ್ಡದಿಂದ ಇಳಿಯುವಾಗ ಹಳ್ಳದಿಂದ ಒಬ್ಬೊಬ್ಬರು ಒಂದೊಂದು ಕಲ್ಲು ಹೊತ್ತು ತಂದೆವು. ಮಾತಾಡಿಕೊಂಡೇನೂ ಅಲ್ಲ. ಇವರು ಒಂದು ಎತ್ತಿಕೊಂಡರು, ನಾನೂ ಒಂದು ಎತ್ತಿಕೊಂಡೆ. ಮಳೆಗೆ ಹಿತ್ತಿಲಿನಲ್ಲೇ ಎದ್ದಿದ್ದ ಕಲ್ಲುಗಳೂ ಸೇರಿ ಆಗಸ್ಟ್ ಕೊನೆಗೆ ಅಲ್ಲಿ ಮೊಣಕಾಲೆತ್ತರದ ಮೂರು ಕಟ್ಟೆಗಳಾದವು. ಡೇರೆ ಆ ಕಟ್ಟೆಗಳ ಮೇಲೆ ಎದ್ದು ನಿಂತು ಹೂವಾಯಿತು. ಕಡುಗೆಂಪಿನ ಒಂದು ಜಾತಿಯಂತೂ ಊಟದ ತಟ್ಟೆಯಷ್ಟು ಅಗಲ.

ಸೆಪ್ಟೆಂಬರಿನಲ್ಲಿ ಮಳೆ ಸ್ವಲ್ಪ ಬಿಟ್ಟಾಗ ಬೋಳುಗುಡ್ಡದ ತುದಿಗೇ ಹೋಗುವುದೆಂದು ಹೊರಟೆವು. ರಕ್ತ ಹೀರುವ ಇಂಬಳಕ್ಕೆಂದು ಸುಣ್ಣ ಹೊಗೆಸೊಪ್ಪು ಬಟ್ಟೆಯಲ್ಲಿ ಕಟ್ಟಿ ಕಾಲಿಗೆ ಸವರಿಕೊಂಡಿದ್ದರೂ ಕಾಡು ದಾಟುವಷ್ಟರಲ್ಲಿ ಎರಡೂ ಕಾಲಿನಲ್ಲಿ ರಕ್ತ. ಹುಲ್ಲುಗಾವಲು ಮುಗಿದು ಬಂಡೆ ಶುರುವಾಗುವಲ್ಲಿ ಪಾಚಿಯ ಮೇಲೆ ಕಾಲಿಟ್ಟೆ. ಜಾರಿದ್ದೇ ಗೊತ್ತು. "ಲಲಿತಾ! ಕೈ ಹಿಡ್ಕೋ! ಬಿಡಬ್ಯಾಡ!" ಎಂದು ಇವರು ಕೂಗಿದರು. ಮೂರು ಆಳು ಕೆಳಗೆ ಹೋಗಬೇಕಾದವಳು ಇವರ ತೋಳಿನಲ್ಲಿ ನೇತಾಡಿದೆ. ಮೇಲಕ್ಕೆ ಎಳೆದುಕೊಂಡ ಮೇಲೆ ಇಬ್ಬರೂ ಬಹಳ ಹೊತ್ತು ಏದುಸಿರು ಬಿಡುತ್ತ ಕೂತಿದ್ದೆವು. ಆಮೇಲೆ ನನಗೆ ನಗು ಬಂತು. ಅಲ್ಲಿಯವರೆಗೆ ಇವರು ನನ್ನನ್ನು ಟೀಚರೇ, ನೀವು ಎಂದೇ ಕರೆಯುತ್ತಿದ್ದರು. ಅದು ಮೊದಲ ನೀನು.

ಮೊಣಕಾಲು ಊದಿಕೊಂಡು ಮೂರು ವಾರ ಕುಂಟಿದೆ. "ಇನ್ನಾದ್ರೂ ಈ ಗುಡ್ಡದ ಹುಚ್ಚು ಬಿಡಿ ಟೀಚರೇ, ವಯಸ್ಸೇನು ಸಣ್ಣದಾ?" ಎಂದು ಹೆಡ್‌ಮಾಸ್ತರರು ಎಲ್ಲರೆದುರು ಹೇಳಿದರು. ಚಳಿಗಾಲ ಬಂದ ಕೂಡಲೇ ಮತ್ತೆ ಹೋಗುತ್ತೇನೆ ಎಂದೆ. ಹಟಕ್ಕೆ ಹೇಳಿದ್ದೇ.

ಕುಂಟುತ್ತಿದ್ದ ಆ ದಿನಗಳಲ್ಲೇ ಒಂದು ಸಂಜೆ ಪದ್ದಕ್ಕ ಹಿತ್ತಿಲಿನ ಬೇಲಿಯ ಹತ್ತಿರ ಬಂದು ನಿಂತರು. "ಆ ಕೆಂಪಿ ಎಲ್ಲಿಂದ ಬಂದದ್ದು?" ಎಂದರು. ಡೇರೆಯ ವಿಷಯವೆಂದು ಅರ್ಥವಾಗಲು ನನಗೆ ಒಂದು ಕ್ಷಣ ಬೇಕಾಯಿತು. ಒಳಗೆ ಕರೆದೆ. ಬಂದರು. ಗೆಡ್ಡೆ ತೆಗೆಯುವ ಕಾಲಕ್ಕೆ ಒಂದು ಎತ್ತಿಡಬೇಕೆಂದರು, ತಮ್ಮಲ್ಲಿರುವ ಹಳದಿಯದನ್ನು ಕೊಡುತ್ತೇನೆಂದರು. ಹೊರಡಲು ಎದ್ದವರು ಬಾಗಿಲಲ್ಲಿ ನಿಂತೇ ಇದ್ದರು.

"ಕುಂಕುಮ ಕೊಡೋದಿಲ್ವಾ ಮಾರಾಯ್ತಿ?"

ಹದಿನೈದು ವರ್ಷ ನನ್ನ ಕೈಯಿಂದ ಯಾರೂ ಕುಂಕುಮ ಕೇಳಿರಲಿಲ್ಲ. ಮನೆಗೆ ಬಂದವರಿಗೆ ಕೊಡಲೆಂದು ಒಂದು ಬಟ್ಟಲು ಇಟ್ಟುಕೊಳ್ಳಬೇಕು ಎಂಬುದು ನನಗೆ ಹೊಳೆದೇ ಇರಲಿಲ್ಲ. ಕನ್ನಡಿಯ ಹಿಂದಿದ್ದ ನನ್ನದೇ ಸಣ್ಣ ಡಬ್ಬಿಯನ್ನು ತಂದು ಹಿಡಿದೆ. ಪದ್ದಕ್ಕ ತಾವು ಹಚ್ಚಿಕೊಂಡು, ಅದೇ ಬೆರಳಿನಿಂದ ನನ್ನ ಹಣೆಗೂ ಹಚ್ಚಿ ಹೋದರು. ಆಮೇಲಿನ ವಾರಗಳಲ್ಲಿ ಡೇರೆ ಕೇಳಿಕೊಂಡು ಇನ್ನೂ ನಾಲ್ಕು ಮನೆಯವರು ಬಂದರು. ಡಬ್ಬಿ ಆಗ ಬಾಗಿಲ ಪಕ್ಕದಲ್ಲೇ ಇರುತ್ತಿತ್ತು.

ದಸರಾ ರಜೆಯಲ್ಲಿ ಕೊಟ್ಟಿಗೆಹಾರದವರೆಗೆ ಬಸ್ಸು, ಆಮೇಲೆ ಜೀಪು ಹಿಡಿದು ದೇವರಮನೆ ಬೆಟ್ಟಕ್ಕೆ ಹೋದೆವು. ಮೋಡ ಹುಲ್ಲಿನ ಮೇಲೆ ಉರುಳುತ್ತಿತ್ತು. ಗಾಳಿಗೆ ಸೆರಗು ನಿಲ್ಲುತ್ತಿರಲಿಲ್ಲ. ಗುಡಿಯ ಅರ್ಚಕರು ನಮ್ಮ ಹೆಸರು ಕೇಳಿ, ಗೋತ್ರ ಕೇಳಿದರು. ನಾನು ತಡವರಿಸಿದೆ. ಇವರು, "ಸಂಸೆಯ ನಾಗೇಗೌಡ, ಹೆಂಡತಿ ಲಲಿತ. ಅಷ್ಟು ಹೇಳಿ ಸಾಕು ಸ್ವಾಮಿ, ದೇವರಿಗೆ ಗುರ್ತು ಸಿಗುತ್ತೆ" ಎಂದರು. ಅರ್ಚಕರು ನಕ್ಕು ಹಾಗೇ ಹೇಳಿದರು. ಜನವರಿಯ ಎರಡನೆಯ ಭಾನುವಾರ ಬೋಳುಗುಡ್ಡದ ತುದಿಯನ್ನೂ ಮುಟ್ಟಿದೆ. ಹಿಂದೆ ಜಾರಿದ್ದ ಆ ಬಂಡೆಯನ್ನು ಬಿಟ್ಟು ಸುತ್ತು ಹಾಕಿ, ಕುಂಡೆಯ ಮೇಲೆ ಕೂತು, ಕೈಯೂರಿ ತೆವಳಿ ಹತ್ತಿದ್ದರಿಂದ ಅದರಲ್ಲಿ ಶೋಭೆಯೇನೂ ಇರಲಿಲ್ಲ. ಮೇಲೆ ನಿಂತು ನೋಡಿದರೆ ದೂರದಲ್ಲಿ ಕಳಸದ ಮನೆಗಳು ಕಂಡವು. ನಾನು ಆ ಕಡೆ ತಿರುಗಿ ಕೂರಲಿಲ್ಲ.

ಅಮ್ಮನ ಸುದ್ದಿ ಇಲ್ಲದೆ ಆಗ ಎಂಟು ತಿಂಗಳು.

ಫೆಬ್ರವರಿಯ ಒಂದು ಬುಧವಾರ, ಮೂರನೆಯ ತರಗತಿಗೆ ಮಗ್ಗಿ ಹೇಳಿಸುತ್ತಿದ್ದಾಗ ಮೋನಪ್ಪ ರಸ್ತೆಯ ಆಚೆಯಿಂದ ಕೂಗಿದ. "ಟೀಚರೇ! ಫೋನು! ಗೌಡ್ರದ್ದು, ಬೇಗ ಬರ್ಬೇಕಂತೆ!" ಏನು ಅನಾಹುತವೋ ಎಂದು ಓಡಿದೆ.

ರಿಸೀವರಿನಲ್ಲಿ ಉಸಿರಿನ ಸದ್ದು. ಆಮೇಲೆ, "ಹಲೋ... ಇದರಲ್ಲಿ ಮಾತಾಡಿದ್ರೆ ಕೇಳ್ತದಾ?"

ಅಮ್ಮನ ಧ್ವನಿ.

"ಕೇಳ್ತದೆ ಅಮ್ಮ" ಎಂದೆ.

"ಹುಷಾರಾಗಿದ್ದೀಯಾ?"

"ಹ್ಞೂಂ."

"ಮೊಣಕಾಲಿಗೆ ಏನೋ ಪೆಟ್ಟಾಗಿತ್ತಂತೆ?"

"ವಾಸಿಯಾಯ್ತು. ಗುಡ್ಡ ಹತ್ತಿದೆ."

"ಅದೂ ಗೊತ್ತಾಯ್ತು" ಎಂದಳು. "ಲೈನು ಸರಿ ಉಂಟಂತೆ. ಇಡ್ಬೇಕಂತೆ" ಎಂದು ಇಟ್ಟುಬಿಟ್ಟಳು.

ಅಲ್ಲಿ ಆದದ್ದನ್ನು ಇವರು ಸಂಜೆ ಹೇಳಿದರು. ಅಣ್ಣ ಫೋನಿಗೆ ಅರ್ಜಿ ಹಾಕಿ ಆರು ವರ್ಷವಾಗಿತ್ತು. ಮಂಜೂರಾಗಿ ಬಂದಾಗ ಆ ಭಾಗದ ಕೆಲಸ ಇವರದ್ದೇ. ಬೇರೆಯವರನ್ನು ಕಳಿಸಿ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಏಣಿ, ವೈರಿನ ಸುರುಳಿ ಹೊತ್ತು ಹೋಗಿ ಅಂಗಳದಲ್ಲಿ ನಿಂತರು. ಅಣ್ಣ ಹೊರಗೆ ಬಂದು ನೋಡಿ, "ನಿಮ್ಮ ಆಫೀಸಿನಲ್ಲಿ ಬೇರೆ ಯಾರೂ ಇಲ್ವಾ?" ಎಂದನಂತೆ. "ನಾನೊಬ್ನೇ ಸ್ವಾಮಿ. ಬ್ಯಾಡ ಅಂದ್ರೆ ಹಂಗಂತ ಬರ್ಕೊಡಿ, ವಾಪಸ್ ಕಳಿಸ್ತೀನಿ" ಎಂದರಂತೆ ಇವರು. ಆರು ವರ್ಷ ಕಾದ ಫೋನು. ಅಣ್ಣ ಏನೂ ಬರೆದುಕೊಡಲಿಲ್ಲ, ಒಳಗೆ ಬನ್ನಿ ಎಂದೂ ಹೇಳಲಿಲ್ಲ. ಇವರು ಮೆಟ್ಟಿಲು ಹತ್ತದೆ, ಅಂಗಳದಿಂದಲೇ ಕಿಟಕಿಯ ಸರಳಿನ ನಡುವೆ ವೈರು ತೂರಿಸಿ, ಕಿಟಕಿಯ ಅಂಚಿನ ಮೇಲೆ ಫೋನು ಕೂರಿಸಿದರು. ಅಷ್ಟರಲ್ಲಿ ಅಣ್ಣನಿಗೆ ಯಾರದೋ ಮನೆಯ ಶ್ರಾದ್ಧಕ್ಕೆ ಹೊತ್ತಾಯಿತು, ಹೋದ. ಅಮ್ಮ ಕಿಟಕಿಯ ಒಳಗೆ ಬಂದು ನಿಂತಳು. ಅರ್ಧ ಗಂಟೆ ಕೆಲಸ ನಡೆಯುವಾಗ ಅಮ್ಮ ಕೇಳದೆಯೇ ಇವರು ನನ್ನ ಮೊಣಕಾಲು, ಗುಡ್ಡ, ಬೀನ್ಸು, ಡೇರೆ ಎಲ್ಲ ಹೇಳುತ್ತ ಹೋದರಂತೆ, ವೈರಿಗೆ ಹೇಳಿದ ಹಾಗೆ. ಕೊನೆಗೆ ನಂಬರು ತಿರುಗಿಸಿ ರಿಸೀವರನ್ನು ಸರಳಿನ ಒಳಗೆ ಚಾಚಿದರು. "ಅಮ್ಮಾ, ಲೈನ್ ಟೆಸ್ಟ್ ಮಾಡ್ಬೇಕು. ಮನೆಯವ್ರು ಯಾರಾದ್ರೂ ಮಾತಾಡ್ಬೇಕು. ಇದು ರೂಲ್ಸು."

ಅಂಥ ರೂಲ್ಸು ಯಾವುದೂ ಇಲ್ಲ ಎಂದು ನನಗೆ ಗೊತ್ತಿತ್ತು.

ಆಮೇಲೆ ಅಣ್ಣ ಇಲ್ಲದ ಹೊತ್ತು ನೋಡಿ ಅಮ್ಮ ಮೋನಪ್ಪನ ಅಂಗಡಿಗೆ ಫೋನು ಮಾಡುತ್ತಿದ್ದಳು. ಎರಡೇ ನಿಮಿಷ. ಏನು ಅಡುಗೆ, ಈ ವಾರ ಯಾವ ಗುಡ್ಡ. ಬಾ ಎಂದು ನಾನು ಕರೆಯಲಿಲ್ಲ, ಬರುತ್ತೇನೆ ಎಂದು ಅವಳೂ ಹೇಳಲಿಲ್ಲ.

ಏಪ್ರಿಲ್‌ನಲ್ಲಿ, ಮೊದಲ ಮಳೆ ಬಿದ್ದ ಮೇಲಿನ ಭಾನುವಾರ, ಚೀಲ ಹಾಕಿಕೊಂಡು ಪೇಟೆ ದಾಟುತ್ತಿದ್ದಾಗ ಕಳಸದ ಬಸ್ಸು ಬಂತು. ಕೈಯಲ್ಲಿ ಬಟ್ಟೆಯ ಗಂಟು, ಕಂಕುಳಲ್ಲಿ ಕೊಡೆ ಇಟ್ಟುಕೊಂಡು ಅಮ್ಮ ಇಳಿದಳು. ಅವಳಿಗಾಗ ಅರವತ್ತೈದು. ಒಬ್ಬಳೇ ಬಸ್ಸು ಹತ್ತಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

"ಅಣ್ಣನಿಗೆ ಗೊತ್ತಾ?" ಎಂದೆ.

"ಹೇಳಿಯೇ ಬಂದೆ. ಕದ್ದು ಬರೋದಕ್ಕೆ ಎಂತ ಆಗಿದೆ ನನಗೆ?" ಎಂದು ಇವರ ಕಡೆ ತಿರುಗಿದಳು. "ನೀವು ಹೊರಟಿದ್ದೀರಲ್ಲ, ನಡೀರಿ. ನಾನೂ ನೋಡ್ಬೇಕು ಆ ಗುಡ್ಡ."

ಮನೆಗೆ ಹೋಗೋಣ, ದಣಿದಿದ್ದೀ ಎಂದರೆ ಕೇಳಲಿಲ್ಲ. ಕಾಡು ದಾಟಿ ಹುಲ್ಲುಗಾವಲು ಶುರುವಾಗುವವರೆಗೆ, ಇಪ್ಪತ್ತು ಹೆಜ್ಜೆಗೊಮ್ಮೆ ನಿಂತು, ಅಮ್ಮ ಹತ್ತಿದಳು. ಇವರು ಮುಂದೆ ಹೋಗಿ ಅಡ್ಡಬಿದ್ದ ಕೊಂಬೆಗಳನ್ನು ಸರಿಸುತ್ತಿದ್ದರು. ಹುಲ್ಲಿನ ಅಂಚಿನಲ್ಲಿ ಒಂದು ಕಲ್ಲಿನ ಮೇಲೆ ಕೂತು ಅಮ್ಮ ಉಸಿರು ಸುಧಾರಿಸಿಕೊಂಡಳು. ನಾನು ಪಕ್ಕದಲ್ಲಿ ಕೂತೆ. ಒಂದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಕೇಳಿಬಿಟ್ಟೆ.

"ಅವತ್ತು ಒಂದು ಮಾತೂ ಆಡದೆ ಒಳಗೆ ಹೋದೆಯಲ್ಲ ಅಮ್ಮ?"

ಅಮ್ಮ ಬೆಟ್ಟದ ಸಾಲನ್ನೇ ನೋಡುತ್ತಿದ್ದಳು. "ಇನ್ನು ಅರೆಗಳಿಗೆ ಅಲ್ಲಿ ನಿಂತಿದ್ರೆ ಹೋಗು ಮಗಳೇ, ಮದುವೆ ಮಾಡ್ಕೋ ಅಂತ ನಿನ್ನ ಅಣ್ಣನ ಎದುರೇ ಹೇಳ್ಬಿಡ್ತಿದ್ದೆ. ಆಮೇಲೆ ನಾನು ಆ ಮನೇಲಿ ಹೇಗೆ ಇರೋದು? ಹೆದರಿ ಒಳಗೆ ಹೋದೆ. ಒಲೆ ಮುಂದೆ ಕೂತು ಹೇಳಿದೆ. ನಿನಗೆ ಕೇಳಲಿಲ್ಲ."

ಅವಳ ಕೈ ಹಿಡಿದುಕೊಂಡೆ. ಇವರು ದೂರದಲ್ಲಿ ನಮ್ಮ ಕಡೆ ಬೆನ್ನು ಹಾಕಿ ನಿಂತಿದ್ದರು.

ಮನೆಗೆ ಬರುವಾಗ ಹನ್ನೆರಡಾಗಿತ್ತು. ಊಟದ ವಿಷಯ ಹೇಗೆ ಎತ್ತುವುದೆಂದು ನಾನು ಒದ್ದಾಡುತ್ತಿದ್ದೆ. ಅಮ್ಮ ಬೇರೆಯವರು ಮಾಡಿದ ಅಡುಗೆ ಉಣ್ಣುವವಳಲ್ಲ, ಅವಳ ಆಚಾರ ಅವಳದ್ದು. ಅಮ್ಮನೇ ಕೈಕಾಲು ತೊಳೆದು, ಗಂಟು ಬಿಚ್ಚಿ, ಹಿತ್ತಾಳೆಯ ಪಾತ್ರೆಯೊಂದನ್ನು ಹೊರಗೆ ತೆಗೆದಳು. "ಒಲೆ ಬಿಟ್ಟುಕೊಡಿ. ಬೀನ್ಸ್ ಕುಯ್ದು ತನ್ನಿ" ಎಂದಳು. ನಮ್ಮ ಅಡುಗೆಮನೆಯಲ್ಲಿ ಅವಳು ಒಂದು ಗಂಟೆ ಯಾರನ್ನೂ ಒಳಗೆ ಬಿಡಲಿಲ್ಲ. ಅನ್ನ, ಬೀನ್ಸ್ ಹುಳಿ, ಒಂದೆಲಗದ ತಂಬುಳಿ ಮಾಡಿ, ಬಾಳೆಲೆ ಹಾಕಿ, ಮೊದಲು ಇವರನ್ನು ಕರೆದಳು. ಇವರು ಬಂದವರು ರೂಢಿಯಂತೆ ಸೌಟಿಗೇ ಕೈ ಹಾಕಿದರು.

"ಕೂತ್ಕೊಳ್ಳಿ" ಎಂದಳು ಅಮ್ಮ. "ನಾನು ಇದ್ದೇನಲ್ಲ ಬಡಿಸೋದಕ್ಕೆ."

ಇವರು ಕೂತರು. ತಲೆ ಎತ್ತದೆ ಮೂರು ಸಲ ಬಡಿಸಿಕೊಂಡು ಉಂಡರು.

ನಾಲ್ಕು ಗಂಟೆಯ ಬಸ್ಸಿಗೆ ಬಿಡಲು ಹೋದೆವು. ಭಾನುವಾರದ ಪೇಟೆ, ಜನ ತುಂಬಿದ್ದರು. ಮೋನಪ್ಪ ಅಂಗಡಿಯಿಂದ ಇಳಿದು ಬಂದು, "ಅಮ್ಮ ಯಾರ ಮನೆಗೆ ಬಂದದ್ದು?" ಎಂದು ಕೇಳಿದ. ಅವನಿಗೆ ಗೊತ್ತಿರಲಿಲ್ಲ ಎಂದಲ್ಲ. ಅಮ್ಮ ಕೊಡೆಯನ್ನು ಎತ್ತಿ ಇವರ ಕಡೆ ತೋರಿಸಿದಳು.

"ಇವರ ಮನೆಗೆ. ನಮ್ಮ ಅಳಿಯ. ಕಳಸದಲ್ಲಿ ನಮ್ಮನೆಗೆ ಫೋನು ಹಾಕಿದ್ದು ಇವರೇ" ಎಂದು ಆಚೆ ಬದಿಯ ಅಂಗಡಿಗೂ ಕೇಳುವ ಹಾಗೆ ಹೇಳಿದಳು.

ಬಸ್ಸು ಬಂತು. ಅಮ್ಮ ಹತ್ತಿ ಕಿಟಕಿಯ ಪಕ್ಕ ಕೂತು, ಮಳೆ ಬರುವ ಮೊದಲು ಮನೆ ಸೇರಿಕೊಳ್ಳಿ ಎಂದಳು. ವಾಪಸು ಬಂದ ಮೇಲೆ ಇವರು ಬಾಗಿಲು ತೆಗೆಯುವ ಮೊದಲು ಜಗಲಿಯ ಮೇಲೆ ಕೂತು, ಕನ್ನಡಕ ತೆಗೆದು, ಪಂಚೆಯ ತುದಿಯಲ್ಲಿ ಅದನ್ನು ಒರೆಸುತ್ತಲೇ ಇದ್ದರು.